ಜಗ್ಗಬೇಡಿ ಮಾವ

ಫೆಬ್ರವರಿ 11

ಮಾವನವರಿಗೆ ನಮಸ್ಕಾರ.

ಈ ಮೊದಲ ಸಾಲಿಗೇ ಎರಡು ಹಾಳೆ ಹರಿದೆ. ನಿಮ್ಮ ಮಗನಿಗೂ ನನಗೂ ಬಿಡುಗಡೆಯಾದ ಮೇಲೆ ನಿಮ್ಮನ್ನು ಏನೆಂದು ಕರೆಯಬೇಕೆಂದು ಕೋರ್ಟಿನಲ್ಲಿ ಯಾರೂ ಹೇಳಲಿಲ್ಲ. ಹಳೆಯ ರೂಢಿ, ಬಾಯಿ ಬೇರೆ ಕಡೆ ತಿರುಗುವುದಿಲ್ಲ. ಮುಜುಗರವಾದರೆ ಆ ಪದದ ಮೇಲೊಂದು ಗೆರೆ ಎಳೆದು ಮುಂದಕ್ಕೆ ಓದಿ.

ನಾನು ಚೆನ್ನಾಗಿದ್ದೇನೆ. ಕಟ್ಟುಹಲ್ಲು ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಹಲ್ಲು ಕೂರಿಸಿ ವಾಪಸು ಕಳಿಸುತ್ತೇವೆ. ನನ್ನ ಮೇಜಿನ ಮೇಲೆ ದಿನವಿಡೀ ಯಾರ್ಯಾರದೋ ಬಾಯಿಗಳು ತೆರೆದುಕೊಂಡಿರುತ್ತವೆ. ಒಂದೂ ಮಾತಾಡುವುದಿಲ್ಲ, ಅದೇ ಸುಖ. ಜೊತೆಯವರು ಒಳ್ಳೆಯವರು. ರೂಮು ಒಂದು ಲಾಂಡ್ರಿಯ ಮೇಲಿದೆ, ಚಳಿಯಲ್ಲೂ ನೆಲ ಬೆಚ್ಚಗಿರುತ್ತದೆ. ಬೇಸರಪಡಲು ಪುರುಸೊತ್ತಿಲ್ಲ.

ಬರೆಯಲು ಕಾರಣ ಬೇರೆ. ಊರಂಚಿನಲ್ಲಿ ಒಂದು ಕಾಲುವೆ ಇದೆ. ರಜೆಯ ದಿನ ನೀವು ಕೊಟ್ಟಿದ್ದ ಗಾಳದ ಕೋಲು ಹಿಡಿದು ಹೋಗುತ್ತೇನೆ. ಹೋದ ತಿಂಗಳು ಜೀವಂತ ಸಣ್ಣ ಮೀನೊಂದನ್ನು ಕೊಕ್ಕೆಗೆ ಹಾಕಿ ಬಿಟ್ಟಿದ್ದೆ. ಒಂದು ಮೀಸೆಮೀನು ನುಂಗಿತು. ನೀವು ಕಲಿಸಿದ ಹಾಗೆ ಒಂದು ಕ್ಷಣ ತಡೆದು ಜಗ್ಗಿದೆ. ದಡಕ್ಕೆ ತಂದು ನೋಡಿದರೆ ಕೊಕ್ಕೆ ಹೊಟ್ಟೆಯೊಳಗಿತ್ತು. ಇನ್ನೂ ಮರಿ, ಬಿಡಬೇಕಾದ ಮೀನು. ಇಕ್ಕಳ ಹಾಕಿ ನೋಡಿದೆ, ಕತ್ತರಿ ಹಾಕಿ ನೋಡಿದೆ. ಕೊನೆಗೆ ದಾರ ಕತ್ತರಿಸಿ ಬಿಟ್ಟರೆ ಹೊಟ್ಟೆ ಮೇಲಾಗಿ ತೇಲಿಕೊಂಡು ಹೋಯಿತು. ಅದು ಕಾಲುವೆಯ ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದೆ.

ಗಾಳದ ಸಾಮಾನಿನ ಅಂಗಡಿಯವರು ಈ ಕೊಕ್ಕೆ ತೋರಿಸಿದರು. ಸರ್ಕಲ್ ಹುಕ್ ಅನ್ನುತ್ತಾರೆ. ಇದರ ತುದಿ ಮೇಲಕ್ಕೆ ನೋಡುವುದಿಲ್ಲ, ಒಳಮುಖವಾಗಿ ತನ್ನ ಕಾಂಡದ ಕಡೆಗೇ ಬಾಗಿದೆ. ಮೀನು ನುಂಗಿದರೂ ಗಂಟಲಿಗೆ ಚುಚ್ಚುವುದಿಲ್ಲವಂತೆ. ಅದು ತಿರುಗಿ ಹೊರಟಾಗ ಜಾರಿಕೊಂಡು ಬಂದು ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದಂತೆ. ನಿಮಗೆ ನಾಲ್ಕು ಇಟ್ಟಿದ್ದೇನೆ, ಬೆಂಡಿನ ತುಂಡಿಗೆ ಚುಚ್ಚಿ. ಬೆರಳು ಜೋಪಾನ.

ಉತ್ತರ ಬರೆಯಲೇಬೇಕೆಂದಿಲ್ಲ. ವಿಳಾಸ ಮಾತ್ರ ಹಿಂದೆ ಬರೆದಿದ್ದೇನೆ.


ಮಾರ್ಚ್ 20

ಪದದ ಮೇಲೆ ಗೆರೆ ಎಳೆದಿಲ್ಲ.

ನೀನು ಕಳಿಸಿದ ಸಾಮಾನಿಗೆ ಕೊಕ್ಕೆ ಎಂದು ಹೆಸರಿಟ್ಟವನು ಯಾರು? ಕಿವಿಗೆ ಸಿಕ್ಕಿಸಿಕೊಂಡರೆ ಲೋಲಾಕು ಆಗುತ್ತದೆ. ಬಾಗಿಲಿಗೆ ಬೆನ್ನು ಹಾಕಿ ಕೂತ ಕಾವಲುಗಾರ ಕಳ್ಳನನ್ನು ಹಿಡಿದ ಹಾಗಾಯಿತು ಎಂದು ನಗಾಡಿದೆ. ಆದರೂ ನಿನ್ನ ಅಂಚೆ ಖರ್ಚು ದಂಡವಾಗಬಾರದಲ್ಲ, ದೋಣಿ ತೆಗೆದೆ. ಒಳ್ಳೆಯ ಚುರುಕಾದ ಸಣ್ಣ ಮೀನು ಹಾಕಿದೆ. ಕಚ್ಚಿತು, ಜಗ್ಗಿದೆ, ಖಾಲಿ ದಾರ. ಮತ್ತೆ ಕಚ್ಚಿತು, ಮತ್ತೆ ಖಾಲಿ. ಮೂರನೆಯದು ನನ್ನ ಮುಖ ನೋಡಿಯೇ ಹೋಯಿತು ಅಂತ ಕಾಣುತ್ತದೆ.

ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ನಿವೃತ್ತಿಯವರೆಗೂ ವಾಲ್ವು ತಿರುಗಿಸಿದ ಕೈ ಇದು. ಬಿಗಿಯಾದದ್ದನ್ನು ಕಂಡರೆ ಎಳೆಯುವುದೊಂದೇ ಅದಕ್ಕೆ ಗೊತ್ತು.

ನೀನು ಕೆಲಸ ಹಿಡಿದು ಸುಖವಾಗಿರುವುದು ಓದಿ ಸಮಾಧಾನವಾಯಿತು. ಒಳ್ಳೆಯ ಜೊತೆ ಸಿಕ್ಕಿದರೆ ಅರ್ಧ ಬದುಕು ಸಲೀಸು. ಇಲ್ಲಿ ಎಲ್ಲ ಹೇಗಿತ್ತೋ ಹಾಗೇ ಇದೆ.


ಏಪ್ರಿಲ್ 2

ಮಾವ,

ಲೋಲಾಕು ಮಾಡಿಸುವುದಿದ್ದರೆ ಇನ್ನೂ ನಾಲ್ಕು ಕಳಿಸುತ್ತೇನೆ, ಯಾರಿಗಾದರೂ ಉಡುಗೊರೆ ಕೊಡಬಹುದು. ಆದರೆ ಮೀನಿಗೆ ಹಾಕುವುದಿದ್ದರೆ ಜಗ್ಗಬೇಡಿ.

ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ, ಗೊತ್ತು. ನನಗೂ ಹಾಗೇ ಆಗುತ್ತಿತ್ತು. ಕಚ್ಚಿದ ಕೂಡಲೇ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತು ಅಭ್ಯಾಸ ಮಾಡಿದೆ. ಕೋಲಿನ ತುದಿ ನೀರಿನ ಕಡೆ ತಗ್ಗಿಸಿ ಹಿಡಿಯಿರಿ. ಮೀನು ಎಳೆದುಕೊಂಡು ಹೋಗಲಿ. ದಾರ ಬಿಗಿದು, ಕೋಲು ತಾನೇ ಬಾಗಿ, ಮೀನಿನ ಭಾರ ಅಂಗೈಗೆ ಬಂದ ಮೇಲೆ ಮೆಲ್ಲಗೆ ಒಂದೇ ಸಮ ರೀಲು ಸುತ್ತಿ. ಅದೇ ಸಿಕ್ಕಿಕೊಂಡಿರುತ್ತದೆ. ನೀವು ಜಗ್ಗಿದರೆ ಕೊಕ್ಕೆ ತೆರೆದ ಬಾಯಿಂದ ಸುಮ್ಮನೆ ಆಚೆ ಬರುತ್ತದೆ.

ಇನ್ನೊಂದು ವಿಷಯ. ಸಣ್ಣ ಮೀನನ್ನು ನೀವು ಹಳೆಯ ಹಾಗೆ ಕೊಕ್ಕೆಯ ತುಂಬ ಪೋಣಿಸಿರುತ್ತೀರಿ. ಬೇಡ. ಮೂಗಿನ ಹೊಳ್ಳೆಗಳ ನಡುವೆ ಹಾಯಿಸಿ, ಇಲ್ಲವೇ ಬೆನ್ನಿನ ರೆಕ್ಕೆಯ ಹತ್ತಿರ ತೊಗಲಿಗಷ್ಟೇ. ತುದಿಗೂ ಕಾಂಡಕ್ಕೂ ನಡುವಿನ ಜಾಗ ಬಯಲಾಗಿರಬೇಕು. ಅದೂ ಮುಚ್ಚಿಹೋದರೆ ದೊಡ್ಡ ಮೀನಿನ ದವಡೆ ಎಲ್ಲಿ ಕೂರಬೇಕು? ಹೀಗೆ ಹಾಕಿದರೆ ಸಣ್ಣ ಮೀನೂ ತುಂಬ ಹೊತ್ತು ಜೀವ ಹಿಡಿದು ಓಡಾಡುತ್ತದೆ.

ನಿಮ್ಮ ಅಕ್ಷರ ನೋಡಿ ನಕ್ಕೆ. ದೋಣಿಯಲ್ಲೇ ಕೂತು ಬರೆದಿರಾ? ಸಾಲುಗಳು ಅಲೆಯ ಮೇಲೆ ಹೋದ ಹಾಗಿವೆ. ಮೊದಲೆಲ್ಲ ಪಂಪ್‌ಹೌಸಿನ ಬೋರ್ಡು ಬರೆದ ಹಾಗೆ ಬರೆಯುತ್ತಿದ್ದಿರಿ.

ನನ್ನ ಕೆಲಸದ ಮೇಜಿದ್ದ ಆ ಚಿಕ್ಕ ಕೋಣೆಯಲ್ಲಿ ಈಗ ಏನಿಟ್ಟಿದ್ದೀರಿ? ಸುಮ್ಮನೆ ಕೇಳಿದೆ.


ಮೇ 16

ಜಗ್ಗಲಿಲ್ಲ. ಮೊದಲು ಅಷ್ಟನ್ನು ಬರೆದುಬಿಡುತ್ತೇನೆ.

ಪಂಪ್‌ಹೌಸಿನ ಹಿಂದೆ ಕೆರೆಯ ಆಳ ನಿನಗೆ ಗೊತ್ತಲ್ಲ, ಅಲ್ಲೇ. ಬೆಂಡು ಮುಳುಗಿತು, ದಾರ ಬೆರಳ ಮೇಲಿಂದ ಸರಿಯತೊಡಗಿತು. ಬಂದ ಸೀನನ್ನು ತಡೆದುಕೊಂಡು ಕೂತ ಹಾಗಿತ್ತು ನನ್ನ ಸ್ಥಿತಿ. ಹಲ್ಲು ಕಚ್ಚಿ ಕೂತೆ. ಕೋಲು ತಾನೇ ಬಾಗಿತು, ನೀರು ಮುಟ್ಟುವಷ್ಟು ಬಾಗಿತು. ಆಮೇಲೆ ಭಾರ ಬಂತು ನೋಡು. ನಾವು ದೋಣಿ ತಿರುಗಿಸಿಕೊಂಡು ಅದರ ಹಿಂದೆಯೇ ಹೋದೆವು. ಪಕ್ಕಕ್ಕೆ ಬಂದಾಗ ನೋಡಿದರೆ ತೋಳುದ್ದದ ಮೀಸೆಮೀನು. ಬಟ್ಟೆಗೆ ಗುಂಡಿ ಹಾಕಿದ ಹಾಗೆ ಕೊಕ್ಕೆ ಬಾಯಿಯ ಮೂಲೆಯಲ್ಲಿ ಕೂತಿತ್ತು. ತಿರುಗಿಸಿದರೆ ಬಂತು. ಒಂದು ತೊಟ್ಟು ರಕ್ತವಿಲ್ಲ. ಕೊಯ್ಯಲು ಮನಸ್ಸಾಗಲಿಲ್ಲ, ಬಿಟ್ಟೆ. ಹೋಗುವಾಗ ಬಾಲದಲ್ಲಿ ಮುಖಕ್ಕೆ ನೀರೆರಚಿ ಹೋಯಿತು, ಲಜ್ಜೆಗೆಟ್ಟದ್ದು.

ಹೌದು, ದೋಣಿಯಲ್ಲಿ ಕೂತೇ ಬರೆಯುವುದು. ಮನೆಯ ಮೇಜಿನ ಒಂದು ಕಾಲು ಕುಂಟುತ್ತದೆ.

ಚಿಕ್ಕ ಕೋಣೆ ಇದ್ದಲ್ಲೇ ಇದೆ.


ಮೇ 28

ಮಾವ,

ನಿಮ್ಮ ಪತ್ರವನ್ನು ಲ್ಯಾಬಿಗೂ ತೆಗೆದುಕೊಂಡು ಹೋಗಿ ಮಧ್ಯಾಹ್ನ ಮತ್ತೊಮ್ಮೆ ಓದಿದೆ. ಗುಂಡಿ ಹಾಕಿದ ಹಾಗೆ ಎಂದಿರಲ್ಲ, ಅಂಗಡಿಯವರಿಗೂ ಹೇಳಿದೆ, ತುಂಬ ಮೆಚ್ಚಿಕೊಂಡರು.

"ನಾವು ದೋಣಿ ತಿರುಗಿಸಿಕೊಂಡು" ಎಂದು ಬರೆದಿದ್ದೀರಿ. ಜೊತೆಗಿರುವುದು ಪಂಪ್‌ಹೌಸಿನ ನಿಮ್ಮ ಹಳೆಯ ಸಹಾಯಕರೇ ತಾನೇ, ಗೊರಕೆ ಹೊಡೆದು ಮೀನು ಓಡಿಸುತ್ತಿದ್ದವರು? ಯಾರೇ ಆಗಲಿ, ನೀವು ಒಬ್ಬರೇ ನೀರಿಗಿಳಿಯುತ್ತಿಲ್ಲವಲ್ಲ, ಅದು ಸಾಕು.

ಒಂದು ಮಾತು ಕೇಳಲೇ? ನನಗೆ ಬುಧವಾರ ರಜೆ. ಮೊದಲ ಬಸ್ಸಿಗೆ ಹೊರಟರೆ ಮಧ್ಯಾಹ್ನದೊಳಗೆ ಕೆರೆ ಸೇರಬಹುದು. ಮನೆಯ ಕಡೆ ಬರುವುದಿಲ್ಲ. ಆ ಹೊತ್ತಿಗೆ ನಿಮ್ಮ ಮಗ ಕೆಲಸದಲ್ಲಿರುತ್ತಾರೆ, ಅವರಿಗೂ ತೊಂದರೆಯಿಲ್ಲ. ಸ್ವಲ್ಪ ಹೊತ್ತು ದೋಣಿಯಲ್ಲಿ ಕೂತು ಸಂಜೆ ಬಸ್ಸಿಗೆ ವಾಪಸು ಹೋಗುತ್ತೇನೆ. ಉದ್ದ ಬರೆಯಬೇಡಿ. ಬಾ ಎಂದರೆ ಸಾಕು.


ಜುಲೈ 9

ಸ್ನೇಹಿತರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಉತ್ತರಿಸಲು ತಡವಾಯಿತು, ಕ್ಷಮೆಯಿರಲಿ. ನನ್ನ ಕನ್ನಡಕ ಒಡೆದಿರುವುದರಿಂದ ಇದನ್ನು ಬೇರೆಯವರ ಕೈಯಲ್ಲಿ ಬರೆಸುತ್ತಿದ್ದೇನೆ. ಕೆರೆಯಲ್ಲಿ ನೀರು ಇಳಿದಿದೆ. ತಾವು ಅಷ್ಟು ದೂರದಿಂದ ಬರುವ ಶ್ರಮ ತೆಗೆದುಕೊಳ್ಳಬಾರದೆಂದು ಕೋರಿಕೆ. ಕೊಕ್ಕೆಗಳು ಚೆನ್ನಾಗಿವೆ. ತಮ್ಮ ಸಲಹೆಗೆ ಆಭಾರಿಯಾಗಿದ್ದೇನೆ. ಆರೋಗ್ಯ ನೋಡಿಕೊಳ್ಳಿ.


ಅಕ್ಟೋಬರ್ 3

ಮಾನ್ಯರೇ,

ಬಹಳ ದಿನ ಬರೆಯಲಾಗಲಿಲ್ಲ. ಲ್ಯಾಬಿನಲ್ಲಿ ಕೆಲಸ ಹೆಚ್ಚಾಗಿದೆ. ರಜೆಯ ದಿನವೂ ಹೋಗಬೇಕಾಗುತ್ತದೆ, ಹಾಗಾಗಿ ನಿಮ್ಮ ಕಡೆ ಬರುವ ಯೋಚನೆಯನ್ನು ಅಂದೇ ಬಿಟ್ಟೆ. ನೀವು ಹೇಳಿದ್ದು ಸರಿ, ಅಷ್ಟು ದೂರ ಯಾಕೆ.

ಗಾಳದ ಹವ್ಯಾಸವೂ ನಿಂತಿತು. ಕೋಲನ್ನು ಮಾರಿಬಿಟ್ಟೆ. ನಿಮ್ಮದೇ ವಸ್ತು, ಕೇಳದೆ ಮಾರಿದ್ದಕ್ಕೆ ಬೇಸರಿಸಬೇಡಿ.

ಕನ್ನಡಕ ಸರಿಯಾಯಿತೆಂದು ನಂಬಿದ್ದೇನೆ.


ಅಕ್ಟೋಬರ್ 27

ಈ ಪತ್ರ ಓದಲು ನಿನಗೆ ಕಷ್ಟವಾಗುತ್ತದೆ. ದಿನಕ್ಕೆ ಒಂದಿಷ್ಟು ಸಾಲಿನ ಹಾಗೆ ಒಂದು ವಾರದಿಂದ ಬರೆಯುತ್ತಿದ್ದೇನೆ. ಯಾರ ಕೈಯಲ್ಲೂ ಬರೆಸಲಿಲ್ಲ.

ನೀನು ಬಂದಿದ್ದೆ. ಸೆಪ್ಟೆಂಬರ್ ಕೊನೆಯ ಬುಧವಾರ, ತುಂತುರು ಮಳೆಯಲ್ಲಿ, ಆಚೆ ದಡದ ಕಲ್ಲುಕಟ್ಟೆಯ ಹತ್ತಿರ. ಛತ್ರಿ ಹೆಗಲ ಮೇಲೆ ಒರಗಿಸಿಕೊಂಡು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವವರು ಈ ಕೆರೆಯ ಸುತ್ತ ಬೇರೆ ಯಾರಿದ್ದಾರೆ? ನನ್ನ ಕನ್ನಡಕಕ್ಕೆ ಎಂದೂ ಏನೂ ಆಗಿರಲಿಲ್ಲ.

ಈಗ ಎಲ್ಲವನ್ನೂ ಹೇಳುತ್ತೇನೆ. ನೀನು ಮನೆ ಬಿಟ್ಟು ಹೋದ ವರ್ಷವೇ ನನ್ನ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಅದಕ್ಕೊಂದು ಹೆಸರು ಹೇಳಿ ಮಾತ್ರೆ ಬರೆದುಕೊಟ್ಟರು. ಮೇಜಿನ ಕಾಲು ಗಟ್ಟಿಯಾಗಿಯೇ ಇದೆ. ಮೀನು ಮುಟ್ಟುವ ಮೊದಲೇ ಕೈ ಜಗ್ಗಿಬಿಡುತ್ತಿತ್ತು, ಮುಟ್ಟಿದಾಗ ಸತ್ತ ಹಾಗೆ ಕೂತಿರುತ್ತಿತ್ತು. ಕೋಲನ್ನು ಗೋಡೆಗೆ ನೇತುಹಾಕಿ, ಇನ್ನು ಮುಗಿಯಿತು ಎಂದುಕೊಂಡಿದ್ದೆ. ಆಗ ನಿನ್ನ ಲಕೋಟೆ ಬಂತು. ಅದರ ಮುಂದಿನದರಲ್ಲಿ, ಹಿಡಿದುಕೊಂಡು ಕೂತಿದ್ದರೆ ಸಾಕು, ಮಿಕ್ಕಿದ್ದು ಮೀನೇ ಮಾಡಿಕೊಳ್ಳುತ್ತದೆ ಎಂದು ಬರೆದಿದ್ದೆ. ನನ್ನ ಕೈಯ ಸ್ಥಿತಿ ಯಾರೋ ನಿನಗೆ ಹೇಳಿದ್ದಾರೆ ಎಂದೇ ಮೊದಲು ಅನುಮಾನ ಬಂತು.

ಇನ್ನೊಂದು. ನಿನ್ನ ಮೊದಲ ಪತ್ರ ಬರುವ ಹೊತ್ತಿಗೆ ನನ್ನ ಮಗನಿಗೆ ಮತ್ತೆ ಮದುವೆಯಾಗಿ ಒಂದು ತಿಂಗಳೂ ಆಗಿರಲಿಲ್ಲ. ತಪ್ಪು ಯಾರದೆಂದು ನಾನು ಅಂದೂ ಕೇಳಲಿಲ್ಲ. ಬಸ್ ನಿಲ್ದಾಣದಲ್ಲಿ ಬೇರೆ ಬೇರೆ ಬಸ್ಸಿಗೆ ಕಾಯುವವರ ಹಾಗೆ ನೀವಿಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದಿರಿ. ನಿನ್ನ ಚಿಕ್ಕ ಕೋಣೆಯಲ್ಲಿ ಈಗ ಅವನ ಹೊಸ ಹೆಂಡತಿಯ ಹೊಲಿಗೆ ಯಂತ್ರವಿದೆ. ದೋಣಿಯ ಹುಟ್ಟು ಹಾಕುವವಳು ಅವಳು. ಸಣ್ಣ ಮೀನನ್ನು ಕೊಕ್ಕೆಗೆ ಹಾಕುವವಳೂ ಅವಳೇ, ನನ್ನ ಬೆರಳಿಗೆ ಅದು ಸಾಧ್ಯವಿಲ್ಲ. ನಿನ್ನ ಪತ್ರ ಓದಿ ಹೇಳುತ್ತಿದ್ದೆ, ಹೊಳ್ಳೆಗಳ ನಡುವೆ, ತೊಗಲಿಗಷ್ಟೇ ಎಂದು. ಮೊದಲ ದಿನ ಮೀನು ಮುಟ್ಟಲು ಹೇಸಿದವಳು ಈಗ ನನಗಿಂತ ಚೆನ್ನಾಗಿ ಹಾಕುತ್ತಾಳೆ.

"ಯಾರು ಮಾವ ಇಷ್ಟು ಚೆನ್ನಾಗಿ ಹೇಳ್ಕೊಡೋದು?" ಎಂದು ಕೇಳಿದಳು.

"ಒಬ್ಬರು ಸ್ನೇಹಿತರು" ಅಂದೆ.

ಜುಲೈ ಪತ್ರ ಬರೆದದ್ದು ಅವಳೇ. ಕೈ ಆಗ ತೀರಾ ಕೆಟ್ಟಿತ್ತು, ಪೆನ್ನು ನಿಲ್ಲುತ್ತಿರಲಿಲ್ಲ. ಅವಳೆದುರು ನಿನ್ನನ್ನು ಏನೆಂದು ಕರೆಯಲಿ? ಸ್ನೇಹಿತರು ಎಂದೆ, ತಾವು ಎಂದೆ. ಹೇಳುತ್ತಿರುವಾಗಲೇ ಬಾಯಿ ಕಹಿಯಾಯಿತು. ಮದುವೆಯ ಸುದ್ದಿ ತಿಳಿದರೆ ನೀನು ಬರೆಯುವುದು ನಿಲ್ಲಿಸುತ್ತೀಯ ಎಂಬ ಭಯ. ನಿನಗೆ ಅಲ್ಲಿ ಕೆಲಸ, ಜೊತೆ ಎಲ್ಲ ಇದೆ, ಒಬ್ಬ ಮುದುಕನ ಪತ್ರ ನಿಂತರೆ ನಿನಗೇನು ನಷ್ಟ? ನನಗೆ ಮಾತ್ರ ಅಂಚೆಯವನ ಸೈಕಲ್ ನಿಂತ ದಿನ ಊಟ ರುಚಿಸುತ್ತಿತ್ತು.

ಆ ಬುಧವಾರ ನಿನ್ನನ್ನು ಕಂಡಾಗ ಕೈ ಎತ್ತಿದೆ. ಬಾ ಎಂದೇ ಎತ್ತಿದ್ದು. ಅವಳು ಯಾರೆಂದು ಕೇಳಿದರೆ ಕೇಳಲಿ ಎಂದುಕೊಂಡೆ. ನೀನು ನೋಡಿದೆ, ತಿರುಗಿ ಹೊರಟೆ. ಅವಳು ಜೋರಾಗಿ ಹುಟ್ಟು ಹಾಕಿದಳು. ನಾವು ಆ ದಡ ಮುಟ್ಟುವಾಗ ರಸ್ತೆ ಖಾಲಿ ಇತ್ತು. ಇಷ್ಟು ಕೋಪವೇ ಎಂದು ಅಲ್ಲೇ ಕಟ್ಟೆಯ ಮೇಲೆ ಕೂತೆ. ಕೋಪಕ್ಕೆ ನ್ಯಾಯವಿದೆ, ಇಲ್ಲವೆನ್ನುವುದಿಲ್ಲ.

ವಾಪಸು ಬರುವಾಗ ಅವಳೇ ಮಾತು ತೆಗೆದಳು. "ಮಾವ, ಅಲ್ಲಿ ನಿಂತಿದ್ದವರು ಅವರೇ ಅಲ್ವಾ?"

"ಯಾರು?"

"ಲಕೋಟೆ ಮೇಲೆ ಹೆಸರು ಬರ್ದಿದ್ದು ನಾನೇ ಅಲ್ವಾ. ಆ ಹೆಸರು ಈ ಮನೇಲಿ ನಂಗೊಬ್ಬಳಿಗೆ ಗೊತ್ತಿರಲ್ವಾ? ನೀವಾಗೇ ಹೇಳ್ಲಿ ಅಂತ ಸುಮ್ನಿದ್ದೆ. ಮಳೇಲಿ ನಿಂತಿದ್ರಲ್ಲ, ಕೂಗಿ ಕರೀಬಾರ್ದಿತ್ತಾ?"

ಒಳ್ಳೆಯ ಹುಡುಗಿ. ಅವಳನ್ನು ದ್ವೇಷಿಸಲು ನಿನಗೂ ಸಾಧ್ಯವಾಗಲಾರದು. ನೀನು ಬಾ. ಯಾವ ಬುಧವಾರವಾದರೂ ಬಾ.


ನವೆಂಬರ್ 15

ಮಾವ,

ಕೋಪವಲ್ಲ.

ನಾನು ದಡದಲ್ಲಿ ನಿಂತು ನೋಡುತ್ತಿದ್ದೆ. ದೋಣಿಯಲ್ಲಿ ಗೊರಕೆಯ ಮನುಷ್ಯನನ್ನು ಹುಡುಕಿದರೆ ಒಬ್ಬ ಹೆಂಗಸು ಕಂಡಳು. ಅವಳು ಬಕೆಟ್ಟಿನಿಂದ ಸಣ್ಣ ಮೀನು ತೆಗೆದು, ಕೊಕ್ಕೆಗೆ ಹಾಕಿ, ನಿಮ್ಮ ಕೈಗೆ ಕೋಲು ಕೊಟ್ಟಳು. ಹೊಳ್ಳೆಗಳ ನಡುವೆಯೇ ಹಾಕಿರಬೇಕು, ಅಷ್ಟು ಹಗುರವಾಗಿ ಹಾಕಿದಳು. ಯಾರೆಂದು ಯಾರೂ ಹೇಳಬೇಕಾಗಲಿಲ್ಲ. ಆಗ ನೀವು ತಿರುಗಿ ನೋಡಿದಿರಿ. ಕೈ ಮೇಲೆ ಬಂತು, ಗಾಳಿಯಲ್ಲಿ ಬೇಗಬೇಗ ಆಡಿತು. ಹೋಗು, ಹೋಗು ಎಂದು ಓಡಿಸುವಾಗ ಕೈ ಹಾಗೆಯೇ ಆಡುತ್ತದೆ. ನಡುಕವೆಂದು ನನಗೆ ಹೇಗೆ ತಿಳಿಯಬೇಕು? ನೀವು ದೋಣಿಯಲ್ಲಿ ಕೂತು ಪತ್ರ ಬರೆಯುವವರು, ಮೇಜಿನ ಕಾಲು ಕುಂಟುವ ಮನೆಯವರು.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು "ಯಾರಾದ್ರೂ ಹೋದ್ರೇನಮ್ಮ?" ಎಂದು ಕೇಳಿದರು. ಹೌದು ಅಂದೆ. ಇಳಿಯುವವರೆಗೂ ತಮ್ಮ ಶಾಲಿನ ಒಂದು ತುದಿ ನನ್ನ ಮೊಣಕಾಲ ಮೇಲೆ ಹೊದಿಸಿಟ್ಟಿದ್ದರು.

ನಿಮ್ಮ ಪತ್ರ ಬಂದು ಹತ್ತಿರ ಹತ್ತಿರ ಎರಡು ವಾರವಾಯಿತು. ಓದಲು ಕಷ್ಟವಾಗುತ್ತದೆ ಎಂದಿರಿ. ಕಷ್ಟವಾಯಿತು, ಅಕ್ಷರದಿಂದಲ್ಲ.

ನನ್ನ ಸುಖದ ವಿಷಯವೂ ಅಷ್ಟೇ ನಿಜ. ಜೊತೆಯವರು ಒಳ್ಳೆಯವರೇ. ಆದರೆ ದಿನವಿಡೀ ಅರೆಯುವ ಯಂತ್ರದ ಸದ್ದು, ಮೂಗು ಬಾಯಿಗೆ ಮುಸುಕು, ಸಂಜೆ ಎಲ್ಲರೂ ತಮ್ಮ ತಮ್ಮ ಮನೆಗೆ ಓಡುತ್ತಾರೆ. ಕೆಲವು ರಜೆಯ ದಿನ ಲಾಂಡ್ರಿಯವಳು "ಬಟ್ಟೆ ಇದ್ಯಾ?" ಎಂದು ಕೇಳುವ ಮಾತೊಂದೇ ನನ್ನ ಕಿವಿಗೆ ಬೀಳುವುದು. ಒಗೆಯಲು ಬಟ್ಟೆಯಿಲ್ಲದಿದ್ದರೂ ಒಂದು ಟವೆಲು ಕೊಟ್ಟು ಬರುತ್ತೇನೆ. ನಿಮ್ಮ ಪತ್ರಗಳು ಬರುತ್ತಿದ್ದ ತಿಂಗಳುಗಳಲ್ಲಿ ಕಾಲುವೆಯ ಹತ್ತಿರ ಕೂತು, ನಿಮಗೆ ಏನು ಬರೆಯಬೇಕೆಂದು ಗಟ್ಟಿಯಾಗಿ ಮಾತಾಡಿಕೊಳ್ಳುತ್ತಿದ್ದೆ. ಕೋಲು ಮಾರಿಲ್ಲ. ಮೂಲೆಯಲ್ಲಿ ನಿಂತಿದೆ.

ಬಾ ಎಂದು ಬರೆದಿದ್ದೀರಿ. ಜೂನಿನಲ್ಲಿ ಈ ಮಾತು ಬಂದಿದ್ದರೆ ಓಡಿ ಬರುತ್ತಿದ್ದೆ. ಈಗ ಆ ದೋಣಿಯಲ್ಲಿ ಮೂರನೆಯವಳಾಗಿ ಕೂತು ನಗುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಅವರು ಒಳ್ಳೆಯವರು ಎಂದು ನೀವು ಬರೆದದ್ದನ್ನು ನಂಬುತ್ತೇನೆ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾತ್ರೆ ತಪ್ಪಿಸಬೇಡಿ. ಕೊಕ್ಕೆಯ ತುದಿಯ ಹಿಂದಿರುವ ಸಣ್ಣ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿಕೊಳ್ಳಿ, ಬಿಡಿಸುವಾಗ ಅವರ ಬೆರಳಿಗೂ ಅಪಾಯವಿರುವುದಿಲ್ಲ.


ಜನವರಿ 30

ಅಕ್ಷರ ಅವಳದು, ಮಾತು ನನ್ನದು. ಈ ಸಲ ಮುಚ್ಚುಮರೆ ಇಲ್ಲ.

ನೀನು ಬರೆದದ್ದನ್ನು ಓದಿದ ಮೇಲೆ ಉತ್ತರಿಸುವ ಧೈರ್ಯ ಬರಲಿಲ್ಲ. ಕೈಯನ್ನು ಮುಂದೆ ಹಿಡಿದುಕೊಂಡು ತುಂಬ ಹೊತ್ತು ನೋಡಿದೆ. ಇಷ್ಟು ವರ್ಷ ಅನ್ನ ಹಾಕಿದ ಕೈ, ಒಂದೇ ಒಂದು ಮಾತು ಹೇಳು ಎಂದರೆ ಅದನ್ನೂ ತಿರುವುಮುರುವು ಮಾಡಿ ಹೇಳಿತು.

ಈಗ ವಿಷಯಕ್ಕೆ ಬರುತ್ತೇನೆ. ಅವಳು ಬಸುರಿ. ಐದು ತಿಂಗಳು. ಹುಟ್ಟು ಹಾಕಬಾರದು, ದೋಣಿ ಹತ್ತಲೇಬಾರದು ಎಂದು ಡಾಕ್ಟರು ಹೇಳಿದ್ದಾರೆ. ಇಲ್ಲಿ ಅವಳು ಬರೆಯುವುದು ನಿಲ್ಲಿಸಿ, "ಇದನ್ನ ಹೀಗೆ ಬರೆಸ್ಬೇಡಿ ಮಾವ, ಅವರಿಗೆ ನೋವಾಗುತ್ತೆ" ಅಂದಳು. ನೋವಾಗಬಾರದು ಎಂದು ಮುಚ್ಚಿಟ್ಟೇ ಒಂದು ವರ್ಷ ಹಾಳಾಯಿತು, ನೀನು ಬರಿ ಅಂದೆ. ಬರೆಯುತ್ತಿದ್ದಾಳೆ.

ನನ್ನ ಮಗನಿಗೆ ನೀರೆಂದರೆ ಆಗದು, ನಿನಗೇ ಗೊತ್ತು. ಗೊರಕೆಯವನು ತನ್ನ ತಮ್ಮನ ಊರು ಸೇರಿದ. ದೋಣಿಕಟ್ಟೆಯಲ್ಲಿ ಹುಟ್ಟು ಹಾಕುವ ಆಳು ಸಿಗುತ್ತಾನೆ. ಎರಡು ಸಲ ಕರೆದುಕೊಂಡು ಹೋದೆ. ಬೆಂಡು ಅಲ್ಲಾಡಿದ ಕೂಡಲೇ "ಜಗ್ಗಿ ಯಜಮಾನ್ರೇ, ಜಗ್ಗಿ" ಎಂದು ಕೆರೆಗೆಲ್ಲ ಕೇಳುವ ಹಾಗೆ ಕೂಗುತ್ತಾನೆ. ಅವನ ಕೂಗಿಗೆ ನನ್ನ ಕೈಯೂ ಕುಣಿಯುತ್ತದೆ. ಎರಡು ಸಲವೂ ಬರಿಗೈ.

ನಿನಗೆ ದೊಡ್ಡ ಮನಸ್ಸು ಬೇಕಿಲ್ಲ. ದೋಣಿಯಲ್ಲಿ ಮೂರನೆಯವರು ಇರುವುದಿಲ್ಲ. ಹುಟ್ಟು ಹಾಕಲು ಬರುವ, ಬಾಯಿ ಮುಚ್ಚಿಕೊಂಡು ಕೂರುವ ಒಬ್ಬರು ಬೇಕು ಅಷ್ಟೇ. ಕೈ ಹೀಗೆಯೇ ಹೋದರೆ ಮುಂದಿನ ಚಳಿಗಾಲಕ್ಕೆ ಕೋಲು ಹಿಡಿಯುವುದೂ ಅನುಮಾನ.

(ಈ ಸಾಲು ನನ್ನದು, ಅವರಿಗೆ ಓದಿ ಹೇಳುವುದಿಲ್ಲ. ಬನ್ನಿ ಅಕ್ಕ. ಬುಧವಾರ ಬೆಳಿಗ್ಗೆ ಎದ್ದು ಕೋಟು ಹಾಕಿಕೊಂಡು ಕೂತಿರುತ್ತಾರೆ. ಎಲ್ಲಿಗೆ ಅಂತ ಕೇಳಿದರೆ ಎಲ್ಲಿಗೂ ಇಲ್ಲ ಅನ್ನುತ್ತಾರೆ.)


ಮಾರ್ಚ್ 8

ಮಾವ,

ಕೆರೆಯಿಂದ ವಾಪಸು ರೂಮು ಸೇರುವ ಹೊತ್ತಿಗೆ ಲಾಂಡ್ರಿ ಮುಚ್ಚಿತ್ತು. ಅಂಗೈಯಲ್ಲಿ ಗುಳ್ಳೆ ಎದ್ದಿವೆ, ಹುಟ್ಟು ಹಿಡಿದು ವರ್ಷಗಳಾಗಿದ್ದವು. ನಾಳೆ ಹಲ್ಲು ಅರೆಯುವಾಗ ಉರಿಯುತ್ತದೆ, ಉರಿಯಲಿ.

ನೀವು ಮಾತಾಡದೇ ಇದ್ದದ್ದು ಒಳ್ಳೆಯದಾಯಿತು. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೂಡಿಹಾಕಿಕೊಂಡಿದ್ದ ಮಾತುಗಳೂ ದೋಣಿ ಹತ್ತಿದ ಮೇಲೆ ಬೇಕೆನಿಸಲಿಲ್ಲ. ನಿಮ್ಮ ಕೈಯನ್ನು ಹತ್ತಿರದಿಂದ ನೋಡಿದಾಗ ಮುಖ ಆಚೆ ತಿರುಗಿಸಿದೆ, ನಿಮಗೆ ಗೊತ್ತಾಗಿರಬಹುದು. ಆದರೆ ದಾರ ಸರಿಯತೊಡಗಿದಾಗ ನೋಡಿದೆ. ಕೋಲು ನಡುಗುತ್ತಲೇ ಇತ್ತು, ನೀವು ಮಾತ್ರ ಅಲುಗಾಡಲಿಲ್ಲ. ಆಚೆಗೆ ಹೋದ ಮೀನು ಕೋಲನ್ನು ಬಗ್ಗಿಸಿ ಹಿಡಿದ ಮೇಲೆ ಆ ನಡುಕವೂ ಎಲ್ಲೋ ಕಳೆದುಹೋಯಿತು. ಕೊಕ್ಕೆ ಬಿಡಿಸಿದ್ದು ನಾನು, ನೀರಿನಲ್ಲಿ ಅದನ್ನು ಒಂದು ಕ್ಷಣ ಹಿಡಿದುಕೊಂಡಿದ್ದವರು ನೀವು. ಅದು ಹೋದ ಮೇಲೂ ನಿಮ್ಮ ಕೈ ನೀರಿನಲ್ಲೇ ಇತ್ತು.

ದೋಣಿಕಟ್ಟೆಯ ಕಾವಲುಗಾರ "ಇವ್ರು ಯಾರು?" ಎಂದು ಕೇಳಿದ. ನೀವು ತಲೆಯೆತ್ತದೆ "ಸೊಸೆ" ಅಂದಿರಿ.

"ಸೊಸೆ ಮನೇಲಿದಾರಲ್ಲ ಯಜಮಾನ್ರೇ, ಬಸುರಿ ಅಂದ್ರಿ?"

"ಮನೆಗೊಬ್ಬಳು, ನೀರಿಗೊಬ್ಬಳು. ನಿಂಗೇನಯ್ಯ ಕಷ್ಟ?"

ಆ ಮನುಷ್ಯ ಇವತ್ತೆಲ್ಲ ತಲೆ ಕೆರೆದುಕೊಂಡಿರುತ್ತಾನೆ. ನಾನು ಮಾತ್ರ ಹುಟ್ಟು ಹಾಕುವ ನೆವದಲ್ಲಿ ಬೆನ್ನು ತಿರುಗಿಸಿ ಕೂತೆ.

ಸಂಜೆ ನಿಮ್ಮ ಮಗನ ಕಾರು ಬಂದಾಗ ನಾನು ದೋಣಿ ಶೆಡ್ಡಿನ ಹಿಂದೆ ಹೋದೆ. ಹೇಳದೆ ಹೋದದ್ದು ತಪ್ಪು. ಅವರ ದನಿ ಕೇಳಿಸಿತು, "ಇವತ್ತು ಸಿಕ್ತಾ ಅಪ್ಪ?" ಅಂದರು. "ಸಿಕ್ತು, ಬಿಟ್ಟೆ" ಅಂದಿರಿ. ಕಾರಿನ ಬಾಗಿಲು ಹಾಕುವ ಮೊದಲು ನೀವು ಸುತ್ತಲೂ ನೋಡಿದ್ದು ಹಲಗೆಯ ಸಂದಿಯಿಂದ ಕಾಣುತ್ತಿತ್ತು. ಕಾರು ಕೆರೆಯ ಏರಿ ಹತ್ತಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಕೆರೆಯ ಮೇಲೆ ಯಾರೂ ಇರಲಿಲ್ಲ.

ಬಕೆಟ್ಟಿನಲ್ಲಿ ಉಳಿದಿದ್ದ ಸಣ್ಣ ಮೀನುಗಳನ್ನು ನೀರಿಗೆ ಬಿಟ್ಟಿದ್ದೇನೆ. ಮುಂದಿನ ಬುಧವಾರ ನಾನೇ ನಮ್ಮ ಕಾಲುವೆಯವನ್ನು ಡಬರಿಯಲ್ಲಿ ತರುವ ಯೋಚನೆ ಮಾಡಿದೆ, ಆದರೆ ಬಸ್ಸಿನವನು ಹತ್ತಿಸಿಕೊಳ್ಳುವುದಿಲ್ಲ. ಬೇರೆ ನೀರಿನ ಮೀನು ಆ ಕೆರೆಗೆ ಬರುವುದೂ ಬೇಡ.

ಮನೆಯಲ್ಲಿರುವ ಅವರಿಗೆ ಹೇಳಿ, ಡಬ್ಬಿಯಲ್ಲಿ ಎರಡು ಪಾಲು ಕಟ್ಟಿ ಕಳಿಸಿದ್ದು ನೋಡಿದೆ. ಎರಡನೆಯ ಚಮಚಕ್ಕೆ ಬೇರೆಯಾಗಿ ಕಾಗದ ಸುತ್ತಿದ್ದರು. ಮನೆಗೆ ಬಂದು ಊಟ ಮಾಡಲಿಲ್ಲವೆಂದು ಬೇಸರಿಸಬಾರದು ಎಂದೂ ಹೇಳಿ. ದೋಣಿಯವರೆಗೆ ಬರಬಲ್ಲೆ. ಹೊಸ್ತಿಲವರೆಗೆ ಕಾಲು ಇನ್ನೂ ಏಳುವುದಿಲ್ಲ.

ಡಬ್ಬಿ ನನ್ನ ಚೀಲದಲ್ಲೇ ಬಂದುಬಿಟ್ಟಿದೆ. ತೊಳೆದು ಕಿಟಕಿಯ ಹತ್ತಿರ ಬೋರಲು ಹಾಕಿದ್ದೇನೆ.